ಶೆನ್‌ಝೆನ್‌ಗೆ ಹೊರಟವರಿಗೆ ವೀಚಾಟ್: ಖಾತೆ ಎಲ್ಲಿಂದ ಶುರು ಮಾಡಬೇಕು?

ಮೂಟೆಕಟ್ಟಿದವ

ಎಲ್ಲರಿಗೂ ನಮಸ್ಕಾರ. ಆರು ತಿಂಗಳ ಕೆಲಸಕ್ಕೆ ಬೆಂಗಳೂರಿನಿಂದ ಚೀನಾದ ಶೆನ್‌ಝೆನ್‌ಗೆ ಹೋಗಬೇಕಿದೆ. ಅಲ್ಲಿನ ಆಫೀಸಿನವರು "ವೀಚಾಟ್ ಐಡಿ ಕಳಿಸಿ, ಗ್ರೂಪಿಗೆ ಸೇರಿಸ್ತೀವಿ" ಅಂತ ಎರಡು ಸಲ ಮೇಲ್ ಮಾಡಿದ್ದಾರೆ. ಮೆಸೇಜಿಗೂ ದುಡ್ಡು ಕೊಡಲಿಕ್ಕೂ ಅಲ್ಲಿ ಎಲ್ಲರೂ ಬಳಸುವ ಆ್ಯಪಂತೆ ಅದು. ಇಲ್ಲಿ ಆ್ಯಪ್ ಸ್ಟೋರಿನಲ್ಲಿ ಹುಡುಕಿದರೆ ಆ್ಯಪೇ ಇಲ್ಲ.

ಕೇಳಬೇಕಾದ್ದು ಇಷ್ಟು. ಹೊರಡುವ ಮುಂಚೆ ಖಾತೆ ಮಾಡಿಕೊಳ್ಳಲು ಆಗುತ್ತದೆಯೇ, ಇಲ್ಲ ಅಲ್ಲಿ ಇಳಿದ ಮೇಲೆಯೇ? ಯಾರೋ ಗೆಳೆಯರು ಕ್ಯೂಆರ್ ಸ್ಕ್ಯಾನ್ ಮಾಡಿ ಜಾಮೀನು ಕೊಡಬೇಕಂತೆ, ಅದೇನು? ಇಲ್ಲಿನ ವೀಸಾ ಕಾರ್ಡ್ ಹಾಕಿ ಅಂಗಡಿಯಲ್ಲಿ ದುಡ್ಡು ಕೊಡಬಹುದೇ? ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಬ್ಯಾಂಕ್ ಕಾರ್ಡಿನ ಮೇಲೆ ಹೆಸರಿನ ಜತೆ ಎರಡು ಇನಿಷಿಯಲ್ ಇವೆ, ಇದರಿಂದ ತೊಂದರೆಯೇ? ಚೀನೀ ಭಾಷೆ "ನಿ ಹಾವ್" ಬಿಟ್ಟರೆ ಮತ್ತೇನೂ ಬರದು.

ನಂಬರ್_ಮುಖ್ಯ

ಇಲ್ಲಿಂದ ಪ್ರಯತ್ನ ಬಿಡಿ ಸರ್. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಐಟಿ ಕಾಯ್ದೆಯ 69ಎ ಕಲಮಿನಡಿ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿ ಟಿಕ್‌ಟಾಕ್ ಜತೆ ವೀಚಾಟೂ ಇತ್ತು. ಮುಂದಿನ ತಿಂಗಳೇ ಕಂಪನಿ +91 ನಂಬರಿನ ಖಾತೆಗಳನ್ನು ಲಾಗ್ ಔಟ್ ಮಾಡಿಸಿತು. ಹಾಗಾಗಿ ಭಾರತದ ನಂಬರಿನ ಮೇಲೆ ಖಾತೆ ಕಟ್ಟುವ ಯೋಚನೆಯೇ ಬೇಡ. ಆಫೀಸಿನವರಿಗೆ "ಬಂದ ದಿನ ಮಾಡಿಕೊಳ್ಳುತ್ತೇನೆ, ಅಲ್ಲಿಯವರೆಗೆ ಮೇಲ್" ಎಂದು ತಿಳಿಸಿ. ಅವರಿಗೆ ಇದು ಹೊಸದಲ್ಲ.

ವೀಚಾಟ್‌ನಲ್ಲಿ ಖಾತೆ ಎಂದರೆ ಫೋನ್ ನಂಬರು. ಇದೊಂದು ಅರ್ಥವಾದರೆ ಉಳಿದದ್ದೆಲ್ಲ ಸಲೀಸು. +86, ಅಂದರೆ ಚೀನಾದ ನಂಬರಿನಿಂದ ತೆರೆದರೆ ನಿಮ್ಮದು ಚೀನಾದ ಕಾನೂನಿಗೆ ಒಳಪಟ್ಟ "ವೇಯ್‌ಶಿನ್" ಖಾತೆ. ಬೇರೆ ದೇಶದ ನಂಬರಿನಿಂದ ತೆರೆದರೆ "ವೀಚಾಟ್", ಅದರ ಒಪ್ಪಂದ ಮಾಲೀಕ ಕಂಪನಿ ಟೆನ್ಸೆಂಟ್‌ನ ಸಿಂಗಪುರದ ಸಂಸ್ಥೆಯ ಜತೆ. ತೆರೆಯುವ ಆ್ಯಪ್ ಒಂದೇ, ಇಬ್ಬರೂ ಒಬ್ಬರಿಗೊಬ್ಬರು ಮೆಸೇಜ್ ಕಳಿಸಬಹುದು, ಆದರೆ ನಿಯಮ ಬೇರೆ ಬೇರೆ. ಆರು ತಿಂಗಳು ಅಲ್ಲೇ ಇರುವವರಿಗೆ +86 ಒಳ್ಳೆಯದು. ಊಟದ ಆರ್ಡರು, ಕೊರಿಯರ್ ಲಾಕರು, ಆಸ್ಪತ್ರೆಯ ಟೋಕನ್ನು, ಇವೆಲ್ಲ ವೀಚಾಟ್ ಒಳಗೇ ತೆರೆಯುವ ಪುಟ್ಟ ಆ್ಯಪ್‌ಗಳಾದ ಮಿನಿ ಪ್ರೋಗ್ರಾಂಗಳಲ್ಲಿ ನಡೆಯುತ್ತವೆ, ಮತ್ತು ಅವುಗಳಲ್ಲಿ ಬಹುಪಾಲು 11 ಅಂಕಿಯ ಚೀನಾ ನಂಬರನ್ನೇ ಕೇಳುತ್ತವೆ.

ಸಿಮ್ ತೆಗೆದುಕೊಳ್ಳಲು ಚೈನಾ ಮೊಬೈಲ್, ಚೈನಾ ಯುನಿಕಾಮ್, ಚೈನಾ ಟೆಲಿಕಾಂ, ಈ ಮೂರರಲ್ಲಿ ಯಾವುದಾದರೂ ಒಂದರ ದೊಡ್ಡ ಕಚೇರಿಗೆ ಹೋಗಿ. "ಯಿಂಗ್‌ಯೆ ಟಿಂಗ್" ಅಂತ ಕೇಳಿದರೆ ತೋರಿಸುತ್ತಾರೆ. ಬೀದಿ ಬದಿಯ ಸಣ್ಣ ಅಂಗಡಿಗಳಲ್ಲಿ ಹಲವು ಕಡೆ ಪಾಸ್‌ಪೋರ್ಟ್ ನೋಂದಾಯಿಸುವ ವ್ಯವಸ್ಥೆಯೇ ಇರುವುದಿಲ್ಲ. ಮೂಲ ಪಾಸ್‌ಪೋರ್ಟ್ ಬೇಕು, ಝೆರಾಕ್ಸ್ ನಡೆಯದು. 2019ರ ಡಿಸೆಂಬರಿನಿಂದ ಹೊಸ ಸಿಮ್‌ಗೆ ಮುಖದ ಸ್ಕ್ಯಾನ್ ಕೂಡ ಇದೆ.

ವಿಮಾನ ನಿಲ್ದಾಣದಲ್ಲೋ ಆನ್‌ಲೈನಿನಲ್ಲೋ ಸಿಗುವ ಬರೀ ಡೇಟಾದ ಇ-ಸಿಮ್ ಇಲ್ಲಿ ಕೆಲಸಕ್ಕೆ ಬಾರದು. ನೋಂದಣಿಯ ಹೊತ್ತಿಗೆ ಎಸ್‌ಎಂಎಸ್ ಬರಬೇಕು. ಕೆಲವೊಮ್ಮೆ ತೋರಿಸಿದ ಕೋಡನ್ನು ನೀವೇ ಎಸ್‌ಎಂಎಸ್ ಆಗಿ ಕಳಿಸಬೇಕಾಗುತ್ತದೆ.

ಆ್ಯಪ್ ಇಳಿಸುವುದು: ಚೀನಾದಲ್ಲಿ ಗೂಗಲ್ ಪ್ಲೇ ತೆರೆಯುವುದಿಲ್ಲ, ಆಂಡ್ರಾಯ್ಡ್ ಇದ್ದರೆ ವೇಯ್‌ಶಿನ್‌ನ ಅಧಿಕೃತ ಜಾಲತಾಣದಿಂದಲೇ ಫೈಲ್ ಇಳಿಸಿಕೊಳ್ಳಿ. ಯಾರೋ ಕಳಿಸಿದ ಲಿಂಕಿನಿಂದ ಬೇಡ, ಮಾರ್ಪಡಿಸಿದ ಆ್ಯಪ್ ಹಾಕಿದ ಖಾತೆಗಳನ್ನು ಅವರು ಮುಚ್ಚುತ್ತಾರೆ. ಐಫೋನ್ ಇದ್ದರೆ ಆ್ಯಪಲ್ ಖಾತೆಯ ದೇಶ ಬದಲಿಸಬೇಕು. ಅದಕ್ಕೆ ಮೊದಲು ಖಾತೆಯಲ್ಲಿ ಉಳಿದ ಬ್ಯಾಲೆನ್ಸ್ ಖರ್ಚಾಗಿರಬೇಕು, ಚಾಲ್ತಿಯಲ್ಲಿರುವ ಸಬ್‌ಸ್ಕ್ರಿಪ್ಷನ್‌ಗಳ ಅವಧಿ ಮುಗಿದಿರಬೇಕು. ಬಹಳ ಜನ ಇಲ್ಲೇ ಸಿಕ್ಕಿಹಾಕಿಕೊಳ್ಳುವುದು. ಸಬ್‌ಸ್ಕ್ರಿಪ್ಷನ್ ಈಗಲೇ ರದ್ದು ಮಾಡಿಡಿ.

ಇನ್ನು ಜಾಮೀನಿನ ವಿಷಯ. ನಂಬರು, ಪಾಸ್‌ವರ್ಡ್ ಹಾಕಿ ಮುಂದೆ ಹೋದಾಗ ಪರದೆಯ ಮೇಲೆ ಒಂದು ಕ್ಯೂಆರ್ ಬರಬಹುದು. ಹಳೆಯ ಬಳಕೆದಾರರೊಬ್ಬರು ಅದನ್ನು ತಮ್ಮ ವೀಚಾಟ್‌ನಿಂದ ಸ್ಕ್ಯಾನ್ ಮಾಡಿ ಒಪ್ಪಬೇಕು. ಯಾರು ಬೇಕಾದರೂ ಆಗುವುದಿಲ್ಲ. ಸ್ಕ್ಯಾನ್ ಮಾಡುವವರು ಚೀನಾದ ಬಳಕೆದಾರರಾದರೆ ಖಾತೆ ತೆರೆದು 6 ತಿಂಗಳು ದಾಟಿರಬೇಕು ಮತ್ತು ವೇಯ್‌ಶಿನ್ ಪೇ, ಅಂದರೆ ಆ್ಯಪ್ ಒಳಗಿನ ಪಾವತಿ ವ್ಯವಸ್ಥೆ, ಚಾಲೂ ಇರಬೇಕು. ಹೊರದೇಶದ ಬಳಕೆದಾರರಾದರೆ 1 ತಿಂಗಳು ಸಾಕು. ಇಬ್ಬರಿಗೂ ಅನ್ವಯಿಸುವುದು: ಕಳೆದ ಒಂದು ತಿಂಗಳಲ್ಲಿ ಬೇರೊಬ್ಬರಿಗೆ ಹೀಗೆ ಸ್ಕ್ಯಾನ್ ಮಾಡಿ ಕೊಟ್ಟಿರಬಾರದು, ಖಾತೆ ಬ್ಲಾಕ್ ಆಗಿರಬಾರದು. ಒಂದೇ ವಾರದಲ್ಲಿ ನಾಲ್ಕು ಜನ ಹೊಸಬರು ಬಂದಿಳಿದ ಆಫೀಸಿನಲ್ಲಿ ಎಚ್‌ಆರ್ ಒಬ್ಬರೇ ಎಲ್ಲರಿಗೂ ಸ್ಕ್ಯಾನ್ ಮಾಡಲು ಹೋಗಿ ಎರಡನೆಯವರಿಗೇ ನಿಲ್ಲುವುದು ಈ ಕಾರಣಕ್ಕೆ. ಕ್ಯೂಆರ್ ಸ್ವಲ್ಪ ಹೊತ್ತಿಗೇ ಹಳತಾಗುವುದರಿಂದ ಆ ವ್ಯಕ್ತಿ ಪಕ್ಕದಲ್ಲಿ ಕುಳಿತಿದ್ದಾಗಲೇ ನೋಂದಣಿ ಶುರು ಮಾಡಿ.

"ಈ ನಂಬರಿಗೆ ಆಗಲೇ ಖಾತೆ ಇದೆ" ಎಂದು ಬಂದರೆ ಗಾಬರಿ ಬೇಡ. ಅಲ್ಲಿ ಬಿಟ್ಟುಹೋದ ನಂಬರುಗಳನ್ನು ಮತ್ತೆ ಮಾರುತ್ತಾರೆ, ಅದು ಹಿಂದಿನ ಮಾಲೀಕರ ಖಾತೆ. "ಇದು ನನ್ನದಲ್ಲ" ಎಂಬುದನ್ನು ಆರಿಸಿ ಹೊಸದನ್ನು ತೆರೆಯಿರಿ. ಆಸೆಪಟ್ಟು ಒಳಗೆ ಹೋಗಬೇಡಿ. ನಾಳೆ ನೀವು ಊರಿಗೆ ವಾಪಸಾಗುವಾಗಲೂ ಇದೇ ನಿಮಗೆ ತಿರುಗುಬಾಣ: ಸಿಮ್ ಹಿಂತಿರುಗಿಸುವ ಮೊದಲು ಸೆಟ್ಟಿಂಗ್ಸ್‌ನ "ಅಕೌಂಟ್ ಸೆಕ್ಯುರಿಟಿ"ಯಲ್ಲಿ ನಂಬರು ಬದಲಿಸಿ ಅಥವಾ ಬಿಡಿಸಿ.

ಕರಾವಳಿ_ಲೆಕ್ಕಿಗ

ಮೇಲಿನವರು ನಂಬರಿನದ್ದು ಸರಿಯಾಗಿ ಹೇಳಿದ್ದಾರೆ. ಹಣದ್ದು ನಾನು ಹೇಳ್ತೇನೆ ಮಾರಾಯ್ರೆ, ಅಲ್ಲಿಯೇ ನಿಜವಾದ ತಲೆಬಿಸಿ ಉಂಟು.

2023ರ ಜುಲೈಯಿಂದ ವೇಯ್‌ಶಿನ್ ಪೇಯಲ್ಲಿ ವೀಸಾ, ಮಾಸ್ಟರ್‌ಕಾರ್ಡ್, ಜೆಸಿಬಿ, ಡೈನರ್ಸ್, ಡಿಸ್ಕವರ್ ಕಾರ್ಡುಗಳು ನಡೀತವೆ. ದಾರಿ: ಮಿ, ಸರ್ವಿಸಸ್, ವ್ಯಾಲೆಟ್, ಕಾರ್ಡ್ಸ್, ಆ್ಯಡ್ ಎ ಕಾರ್ಡ್. ಕಾರ್ಡ್ ನಂಬರು, ವಿಳಾಸ, ಪಾಸ್‌ಪೋರ್ಟ್ ವಿವರ ಹಾಕಿ, ಕೊನೆಗೆ ಆರು ಅಂಕಿಯ ಪಾಸ್‌ವರ್ಡ್ ಇಡಬೇಕು. ಒಂದು ಬಿಲ್ 200 ಯುವಾನ್ ಒಳಗಿದ್ದರೆ ಅವರ ಶುಲ್ಕ ಇಲ್ಲ. 200 ದಾಟಿದರೆ ಪೂರ್ತಿ ಮೊತ್ತದ ಮೇಲೆ 3%. 300 ಯುವಾನ್ ಊಟಕ್ಕೆ 9 ಯುವಾನ್ ಹೆಚ್ಚು. ಇದರ ಮೇಲೆ ನಿಮ್ಮ ಬ್ಯಾಂಕಿನ ವಿದೇಶಿ ವಿನಿಮಯದ ಮಾರ್ಕಪ್ಪು, ಅದರ ಮೇಲೆ 18% ಜಿಎಸ್‌ಟಿ ಬೇರೆ. ಅದಕ್ಕೇ ಬಿಲ್ಲನ್ನು 150ರಂತೆ ಎರಡು ಸಲ ಕೊಡುವವರು ಇದ್ದಾರೆ, ಕ್ಯಾಷಿಯರ್ ಒಪ್ಪಿದರೆ. 2024ರಲ್ಲಿ ಮಿತಿಯನ್ನು ಒಂದು ಸಲಕ್ಕೆ 5,000 ಡಾಲರ್, ವರ್ಷಕ್ಕೆ 50,000 ಡಾಲರ್‌ಗೆ ಏರಿಸಿದ್ದಾರೆ, ಆರು ತಿಂಗಳಿಗೆ ಅದು ಬೇಕಾದಷ್ಟಾಯ್ತು.

ಕಾರ್ಡ್ ತಿರಸ್ಕಾರ ಆಗುವುದು ಹೆಚ್ಚಾಗಿ ಅಲ್ಲಿಯ ತಪ್ಪಲ್ಲ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ನಮ್ಮ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಬಂದ್ ಆಗಿಯೇ ಬರ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ "ಇಂಟರ್‌ನ್ಯಾಷನಲ್" ಮತ್ತು "ಆನ್‌ಲೈನ್", ಎರಡನ್ನೂ ತೆರೆದು ದಿನದ ಮಿತಿ ಹಾಕಿ. ಒಂದನ್ನೇ ತೆರೆದು "ಆಗ್ತಾ ಇಲ್ಲ" ಅಂತ ಕೂರುವವರು ಬಹಳ. ಒಟಿಪಿ ಬರುವುದು ಭಾರತದ ಸಿಮ್ಮಿಗೆ, ಹಾಗಾಗಿ ಆ ಸಿಮ್ ಫೋನಿನಲ್ಲೇ ಇರಲಿ, ರೋಮಿಂಗ್ ಚಾಲೂ ಇರಲಿ. ಎರಡು ಸಿಮ್ ಹಿಡಿಯುವ ಫೋನ್ ಇಲ್ಲದಿದ್ದರೆ ಹೊರಡುವ ಮೊದಲೇ ತೆಗೆದುಕೊಳ್ಳಿ.

ವಿದೇಶಿ ಕಾರ್ಡಿನಿಂದ ಅಂಗಡಿಗೆ ಕೊಡಬಹುದು, ವ್ಯಕ್ತಿಗೆ ಕಳಿಸಲಿಕ್ಕೆ ಆಗುವುದಿಲ್ಲ. ಸಹೋದ್ಯೋಗಿಗಳು ಊಟದ ಬಿಲ್ ಹಂಚಿದಾಗ ನಿಮ್ಮ ಪಾಲು ಕಳಿಸಲಾಗದೆ ಪೆಚ್ಚಾಗಿ ನಿಲ್ಲಬೇಕಾದೀತು. ಬೀದಿಯ ತರಕಾರಿಯವರಲ್ಲಿಯೂ ಇದೇ ಕಥೆ: ಅವರು ಗೋಡೆಗೆ ಅಂಟಿಸಿದ್ದು ವ್ಯಾಪಾರದ ಕೋಡಾದರೆ ಹಣ ಹೋಗ್ತದೆ, ಸ್ವಂತ ಖಾತೆಯ ಕೋಡಾದರೆ ಅದು ವ್ಯಕ್ತಿಗೆ ಕಳಿಸಿದಂತೆ ಆಗಿ ನಿಲ್ಲುತ್ತದೆ. 10, 20ರ ನೋಟುಗಳಲ್ಲಿ ಒಂದು ಇನ್ನೂರು ಯುವಾನ್ ಕಿಸೆಯಲ್ಲಿ ಇರಲಿ. ನಗದು ಬೇಡ ಅನ್ನಲಿಕ್ಕೆ ಅಲ್ಲಿನ ಅಂಗಡಿಗೂ ಕಾನೂನಿಲ್ಲ. ಅಲ್ಲಿನ ಇನ್ನೊಂದು ಪಾವತಿ ಆ್ಯಪ್ ಅಲಿಪೇಯನ್ನೂ ಹಾಕಿಕೊಳ್ಳಿ. ಅದಕ್ಕೆ ಗೆಳೆಯರ ಜಾಮೀನು ಬೇಡ, ಶುಲ್ಕದ ಲೆಕ್ಕ ಇದೇ. ವೀಚಾಟ್ ಕೈಕೊಟ್ಟ ದಿನ ಅದೇ ಗತಿ.

ಈಗ ನಿಮ್ಮ ಹೆಸರು. ಅಪ್ಪನ ಹೆಸರು, ಊರ ಹೆಸರನ್ನು ಇನಿಷಿಯಲ್ ಮಾಡಿಕೊಂಡ ನಮ್ಮವರಿಗೆಲ್ಲ ಇದು ಬರುವ ಸಮಸ್ಯೆಯೇ. ವೀಚಾಟ್‌ನ ಗುರುತಿನ ಪುಟದಲ್ಲಿ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಬರೆಯಿರಿ, ಕಾರ್ಡಿನ ಮೇಲಿನ ಇನಿಷಿಯಲ್ ಅಲ್ಲಿ ತರಬೇಡಿ. ಮುಂದೆ ವರ್ಕ್ ಪರ್ಮಿಟ್ ಬಂದು ಚೀನಾದ ಬ್ಯಾಂಕಿನಲ್ಲಿ ಖಾತೆ ತೆರೆದಾಗ ನಿಜವಾದ ಪರೀಕ್ಷೆ. ಆ ಬ್ಯಾಂಕಿನ ಗುಮಾಸ್ತರು ಕಂಪ್ಯೂಟರಿನಲ್ಲಿ ಹೆಸರನ್ನು ಹೇಗೆ ಒತ್ತಿದ್ದಾರೋ, ದೊಡ್ಡಕ್ಷರ, ನಡುವಿನ ಜಾಗ, ಯಾವುದು ಮೊದಲು ಯಾವುದು ಆಮೇಲೆ, ಎಲ್ಲ ಸೇರಿ ಅದೇ ಥರ ವೀಚಾಟ್‌ನಲ್ಲಿಯೂ ಇರಬೇಕು. ಒಂದು ಜಾಗ ಹೆಚ್ಚಾದರೂ "ಮಾಹಿತಿ ಹೊಂದುತ್ತಿಲ್ಲ" ಅಂತ ಬರ್ತದೆ. ಕೌಂಟರಿನಿಂದ ಏಳುವ ಮೊದಲು ಅವರ ದಾಖಲೆಯಲ್ಲಿ ಹೆಸರು ಹೇಗುಂಟು ಅಂತ ಕೇಳಿ ಫೋಟೋ ತೆಗೆದಿಡಿ. ಬ್ಯಾಂಕಿಗೆ ಕೊಟ್ಟ ಫೋನ್ ನಂಬರೇ ವೀಚಾಟ್‌ಗೂ ಕೊಡಿ, ಪರಿಶೀಲನೆಯ ಎಸ್‌ಎಂಎಸ್ ಬರುವುದು ಬ್ಯಾಂಕಿನಲ್ಲಿರುವ ನಂಬರಿಗೆ. ಆ ಡೆಬಿಟ್ ಕಾರ್ಡ್ ಜೋಡಣೆ ಆಯಿತೆಂದರೆ 3% ಹೋಯಿತು, ವ್ಯಕ್ತಿಗಳಿಗೆ ಕಳಿಸುವುದೂ ತೆರೆಯಿತು. ಪಾಸ್‌ಪೋರ್ಟ್ ಅವಧಿ ಮುಗಿಯಲಿಕ್ಕೆ ಹತ್ತಿರ ಇದ್ದರೆ ಹೊಸದು ಮಾಡಿಸಿಯೇ ಹೋಗಿ. ನಡುವೆ ನಂಬರು ಬದಲಾದರೆ ಸಿಮ್, ಬ್ಯಾಂಕ್, ವೀಚಾಟ್ ಮೂರನ್ನೂ ತಿದ್ದಿಸಬೇಕು.

ಮೂಟೆಕಟ್ಟಿದವ

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ, ಧನ್ಯವಾದ ಇಬ್ಬರಿಗೂ. ಮತ್ತೊಂದು: ಹೊಸ ಖಾತೆ ಎರಡೇ ದಿನದಲ್ಲಿ ಬ್ಲಾಕ್ ಆಯಿತು ಅಂತ ಕೆಲವರು ಬರೆದದ್ದು ಕಂಡೆ. ಯಾಕೆ ಆಗುತ್ತದೆ? ಮನೆಯವರ ಜತೆ ವಿಡಿಯೊ ಕಾಲ್‌ಗೆ ಏನು ಮಾಡುತ್ತಾರೆ?

ನಂಬರ್_ಮುಖ್ಯ

ಬ್ಲಾಕ್ ಆಗಲು ಅವರು ಕಾರಣ ಬಿಡಿಸಿ ಹೇಳುವುದಿಲ್ಲ, ಆದರೆ ಸ್ಪ್ಯಾಮ್ ಖಾತೆಯ ಲಕ್ಷಣಗಳು ಯಾವುವೋ ಅವೇ. ಮೊದಲ ದಿನವೇ ಮೂವತ್ತು ಜನರನ್ನು ಸೇರಿಸುವುದು, ಒಂದೇ ಪರಿಚಯದ ಮೆಸೇಜನ್ನು ಎಲ್ಲರಿಗೂ ಅಂಟಿಸುವುದು, ಎರಡು ಫೋನುಗಳಲ್ಲಿ ಬದಲಿಸಿ ಬದಲಿಸಿ ಲಾಗಿನ್ ಆಗುವುದು, ಬೆಳಿಗ್ಗೆ ಶೆನ್‌ಝೆನ್ ಮಧ್ಯಾಹ್ನ ಜರ್ಮನಿ ಎಂದು ತೋರಿಸುವ ವಿಪಿಎನ್, ಕಂಪ್ಯೂಟರನ್ನೇ ಫೋನಿನಂತೆ ನಡೆಸುವ ಎಮ್ಯುಲೇಟರ್. ಮೊದಲ ಎರಡು ವಾರ ದಿನಕ್ಕೆ ಐದಾರು ಜನ ಸಾಕು, ಅದೂ ಎದುರಿಗಿರುವವರ ಕ್ಯೂಆರ್ ಸ್ಕ್ಯಾನ್ ಮಾಡಿ. ನಾಲ್ಕು ಜನರೊಡನೆ ನಿಜವಾಗಿ ಮಾತಾಡಿ, ಕಾರ್ಡ್ ಜೋಡಿಸಿ. ಗುರುತು ಖಚಿತವಾದ ಖಾತೆಗೆ ತೊಂದರೆ ಕಡಿಮೆ.

ಬ್ಲಾಕ್ ಆದರೆ ಲಾಗಿನ್ ಪರದೆಯ ಕೆಳಗಿನ "ಮೋರ್" ಒತ್ತಿ ಸೆಕ್ಯುರಿಟಿ ಸೆಂಟರಿಗೆ ಹೋಗಿ ಅನ್‌ಬ್ಲಾಕ್ ಅರ್ಜಿ ಹಾಕಬೇಕು. ಅಲ್ಲಿಯೂ ಎಸ್‌ಎಂಎಸ್, ಹಲವು ಸಲ ಗೆಳೆಯರ ಸ್ಕ್ಯಾನ್. ತಾಳ್ಮೆಗೆಟ್ಟು ಅದೇ ಫೋನಿನಲ್ಲಿ ಇನ್ನೊಂದು ಖಾತೆ ತೆರೆಯಲು ಹೋದರೆ ಅದೂ ಹೋಗುತ್ತದೆ. ಖಾತೆ ಚೆನ್ನಾಗಿರುವಾಗಲೇ "ಎಮರ್ಜೆನ್ಸಿ ಕಾಂಟ್ಯಾಕ್ಟ್ಸ್"ನಲ್ಲಿ ನಂಬಿಕೆಯ ಮೂವರನ್ನು ಹಾಕಿಡಿ. ಫೋನು ಕಳೆದ ದಿನ ಅವರೇ ಬಾಗಿಲು ತೆರೆಯುವವರು.

ಮನೆಯವರಿಗೆ ವೀಚಾಟ್ ಹಾಕಿಸುವ ಮಾತೇ ಇಲ್ಲ, ಇಲ್ಲಿ ನಿಷೇಧ ಇನ್ನೂ ಇದೆ. ವಾಟ್ಸ್‌ಆ್ಯಪ್ ಅಲ್ಲಿನ ಸಿಮ್‌ನಲ್ಲಿ, ಅಲ್ಲಿನ ವೈಫೈಯಲ್ಲಿ ತೆರೆಯುವುದಿಲ್ಲ. ಆದರೆ ಭಾರತದ ಸಿಮ್‌ನ ರೋಮಿಂಗ್ ಡೇಟಾದಲ್ಲಿ ತೆರೆಯುತ್ತದೆ, ಏಕೆಂದರೆ ಆ ಡೇಟಾ ಊರಿನ ಕಂಪನಿಯ ಜಾಲದ ಮೂಲಕವೇ ಹೊರಗೆ ಹೋಗುತ್ತದೆ. ಹಾಂಗ್‌ಕಾಂಗ್‌ನ ಸಿಮ್ ಹಾಕಿದರೂ ಹೀಗೇ. ಮೇಲೆ ಬೈದ ಡೇಟಾ ಇ-ಸಿಮ್ಮಿಗೆ ಕೆಲಸ ಇರುವುದು ಇಲ್ಲಿ ಮಾತ್ರ. ಎರಡೂ ಕಡೆ ಐಫೋನ್ ಇದ್ದರೆ ಫೇಸ್‌ಟೈಮ್ ಸುಲಭ.

ಮಾಲುತರಾವ_ಹುಬ್ಬಳ್ಳಿ

ಖಾತೆ ಮಾಡೂದು ಎಲ್ಲಾರೂ ಹೇಳತಾರ, ಅದರಾಗ ಹೆಂಗ ನಡಕೋಬೇಕು ಅನ್ನೂದು ಯಾರೂ ಹೇಳಂಗಿಲ್ಲ ನೋಡ್ರಿ. ಗ್ವಾಂಗ್‌ಝೌದ ಕ್ಯಾಂಟನ್ ಜಾತ್ರಿ, ಯೀವೂ ಸಂತಿ ಎಲ್ಲಿಗಿ ಹೋದ್ರೂ ವಿಸಿಟಿಂಗ್ ಕಾರ್ಡ್ ಕೇಳಂಗಿಲ್ಲ, "ನಾ ಸ್ಕ್ಯಾನ್ ಮಾಡಲೋ, ನೀವ ಮಾಡತೀರೋ" ಅಂತ ಕೇಳತಾರ. ಕ್ಯೂಆರ್ ಬೆರಳ ತುದೀಲೆ ಇರಲಿ. ಸೇರಿಸಿಕೊಂಡ ಕೂಡಲೇ ಹೆಸರು, ಕಂಪನಿ, ಎಲ್ಲಿ ಭೆಟ್ಟಿ ಆದ್ವಿ ಅಂತ ಒಂದ ಸಾಲು ಕಳಸ್ರಿ. ಹಂಗ ನಿಮ್ಮ ಕಡೆ "ರಿಮಾರ್ಕ್" ಅಂತ ಐತಲ್ಲ, ಅಲ್ಲಿ ಅವರ ಹೆಸರು, ಅಂಗಡಿ ನಂಬರು ಬರದ ಇಟ್ಕೋರಿ. ಅವರು ತಮ್ಮ ಹೆಸರು, ಫೋಟೋ ವಾರಕ್ಕೊಮ್ಮೆ ಬದಲಿ ಮಾಡತಾರ, ಆಮ್ಯಾಲೆ ಬೆಕ್ಕಿನ ಫೋಟೋದಾಕಿ ಯಾರು ಅಂತ ಹುಡುಕಬೇಕಾಗತೈತಿ.

ಗ್ರೂಪಿನ ಕ್ಯೂಆರ್ ಏಳ ದಿನಕ್ಕ ಸಾಯತೈತಿ. 200 ಮಂದಿ ದಾಟಿದ ಗ್ರೂಪಿಗೆ ಕ್ಯೂಆರ್‌ಲೆ ಹೊಗಾಕ ಬರಂಗಿಲ್ಲ, ಒಳಗಿನವರ ಯಾರರ ಕರೀಬೇಕು. ಒಟ್ಟು 500ಕ್ಕ ಮುಗೀತು.

ಹಳದಿ ಮಾರಿಯ ಸಣ್ಣ ನಗಿ ಐತಲ್ಲ, ಮೊದಲನೇದು, ಅದನ್ನ ಕಳಸಬ್ಯಾಡ್ರಿ. ನಾವು ಪ್ರೀತೀಲೆ ಕಳಸತೀವಿ, ಅಲ್ಲಿ ಹರೇದ ಹುಡುಗರಿಗೆ ಅದು "ಸಾಕ ಮುಚ್ಚ" ಅಂದಂಗ. ಸಾಹೇಬ್ರಿಗೆ 60 ಸೆಕೆಂಡಿನ ವಾಯ್ಸ್ ಮೆಸೇಜು ಸಾಲಾಗಿ ಬಿಡಬ್ಯಾಡ್ರಿ, ಅದಕ್ಕಿಂತ ಉದ್ದ ಒಂದ ಸಲಕ್ಕ ಹೋಗೂದೂ ಇಲ್ಲ. ತಪ್ಪಿ ಕಳಿಸಿದ್ದನ್ನ ಎರಡ ನಿಮಿಷದಾಗ ವಾಪಸ್ ತಗೋಬಹುದು.

ಹೋಂಗ್‌ಬಾವ್ ಅಂದ್ರ ಕೆಂಪು ಲಕೋಟಿ. ಒಂದರಾಗ 200 ಯುವಾನ್ ಮಟಾ ಇಡಬಹುದು, 24 ತಾಸಿನಾಗ ತಗೀಲಿಲ್ಲಂದ್ರ ಕಳಿಸಿದವರಿಗೇ ತಿರುಗಿ ಹೋಗತೈತಿ. ಹಬ್ಬದಾಗ ಗ್ರೂಪಿನಾಗ ಬಿದ್ದರ ಒತ್ತರಿ, ನಾಚಬ್ಯಾಡ್ರಿ, ಎರಡ ಯುವಾನ್ ಬಂದ್ರೂ ಥ್ಯಾಂಕ್ಸ್ ಹೇಳರಿ. ಲಕೋಟಿ ಇರಲಿ, ಹಂಗ ರೊಕ್ಕ ಕಳಿಸೂದಿರಲಿ, ನಿಮ್ಮ ಪಾಳಿ ಬಂದ್ರ 6, 8 ಇರೂ ಅಂಕಿ ಹಾಕರಿ. 4 ಬ್ಯಾಡ, ಸಾವಿನ ಉಚ್ಚಾರ. 250 ಬ್ಯಾಡ, ಪೆದ್ದ ಅನ್ನೂ ಬೈಗುಳ. 520 ಅಂದ್ರ "ನಿನ್ನ ಪ್ರೀತಸತೀನಿ", ಎಚ್‌ಆರ್ ಮೇಡಮ್ಮಗ ಹೋದೀತು, ಹುಷಾರು.

ಓದಿಕೊಂಡೆ_ಹೇಳ್ತೀನಿ

ಎರಡು ವಿಷಯ ಬಿಟ್ಟುಹೋಗಿದೆ.

ವೀಚಾಟ್ ಮಾತುಕತೆ ಫೋನಿನಲ್ಲೇ ಇರುತ್ತದೆ. ಹೊಸ ಫೋನಿನಲ್ಲಿ ಲಾಗಿನ್ ಆದರೆ ಗೆಳೆಯರ ಪಟ್ಟಿ ಬರುತ್ತದೆ, ಹಳೆಯ ಚಾಟ್ ಬರುವುದಿಲ್ಲ. ಆ್ಯಪ್ ಅಳಿಸಿ ಮತ್ತೆ ಹಾಕಿದರೂ ಖಾಲಿ. ಫೋನ್ ಬದಲಿಸುವ ಮೊದಲು ಸೆಟ್ಟಿಂಗ್ಸ್‌ನ ಚಾಟ್ ವಿಭಾಗದಲ್ಲಿ "ಮೈಗ್ರೇಟ್" ಆರಿಸಿ, ಎರಡೂ ಫೋನನ್ನು ಒಂದೇ ವೈಫೈಗೆ ಸೇರಿಸಿ ಸಾಗಿಸಿ. ಗ್ರೂಪಿನಲ್ಲಿ ಬಂದ ಫೈಲನ್ನು ತೆರೆಯದೆ ಬಿಟ್ಟರೆ ಕೆಲವು ದಿನಗಳಲ್ಲಿ "ಅವಧಿ ಮುಗಿದಿದೆ" ಅಂತ ಬರುತ್ತದೆ. ಬಾಡಿಗೆ ಕರಾರು, ಆಫರ್ ಲೆಟರ್ ಬಂದ ದಿನವೇ ಇಳಿಸಿ ಬೇರೆ ಕಡೆ ಇಟ್ಟುಕೊಳ್ಳಿ.

ಇನ್ನೊಂದು ಗೋಪ್ಯತೆ. ವಾಟ್ಸ್‌ಆ್ಯಪ್‌ನಲ್ಲಿರುವಂತೆ ಕಳಿಸಿದವರು, ಪಡೆದವರು ಬಿಟ್ಟು ಬೇರಾರೂ ಓದಲಾಗದ ತುದಿಯಿಂದ ತುದಿಗೆ ಗೂಢಲಿಪಿ ಇಲ್ಲಿಲ್ಲ. ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ 2016ರಲ್ಲಿ ತೋರಿಸಿದಂತೆ, ಚೀನಾ ನಂಬರಿನಿಂದ ತೆರೆದ ಖಾತೆಗಳಿಗೆ ಪದಗಳ ಸೋಸುವಿಕೆ ಇತ್ತು, ಆಮೇಲೆ ಹೊರದೇಶದ ನಂಬರಿಗೆ ಬದಲಿಸಿದರೂ ಅದು ಬಿಡಲಿಲ್ಲ. ನಿಷೇಧಿತ ಪದವಿರುವ ಮೆಸೇಜು ಮುಟ್ಟುವುದಿಲ್ಲ, ಮುಟ್ಟಲಿಲ್ಲ ಅಂತ ತಿಳಿಸುವುದೂ ಇಲ್ಲ. ಗಡಿ, ರಾಜಕೀಯದ ಚರ್ಚೆಗೆ ಇದು ಜಾಗವಲ್ಲ. ಆಧಾರ್, ಪಾನ್ ಚಿತ್ರಗಳನ್ನೂ ಇಲ್ಲಿ ಕಳಿಸಬೇಡಿ.

ಸಹೋದ್ಯೋಗಿಗಳನ್ನು ಸೇರಿಸಿಕೊಳ್ಳುವ ಪರದೆಯಲ್ಲೇ "ಚಾಟ್ಸ್ ಓನ್ಲಿ" ಎಂಬ ಆಯ್ಕೆ ಇದೆ. ಅದನ್ನು ಆರಿಸಿದರೆ ನಿಮ್ಮ ಮೊಮೆಂಟ್ಸ್, ಅಂದರೆ ಗೆಳೆಯರಿಗಾಗಿ ನೀವು ಹಾಕುವ ಚಿತ್ರ, ಬರಹದ ಪೋಸ್ಟ್‌ಗಳು, ಅವರಿಗೆ ಕಾಣುವುದಿಲ್ಲ. ಎಲ್ಲರಿಗೂ ತೋರಿಸಿದರೂ ಹಳೆಯದು ಕಾಣಬಾರದು ಎಂದಿದ್ದರೆ ಮೂರು ದಿನ, ಒಂದು ತಿಂಗಳು, ಆರು ತಿಂಗಳು ಅಂತ ಮಿತಿ ಹಾಕಬಹುದು. ಅಂದಹಾಗೆ, ಚಿತ್ರವಿಲ್ಲದೆ ಬರೀ ಬರಹ ಹಾಕಲು ಕ್ಯಾಮೆರಾ ಗುರುತನ್ನು ಒತ್ತಿ ಹಿಡಿಯಬೇಕು. ಇದನ್ನು ಯಾರೂ ತಾವಾಗಿ ಕಂಡುಹಿಡಿಯುವುದಿಲ್ಲ.

ಭಾಷೆಯ ಚಿಂತೆ ಬೇಡ, ಮೆಸೇಜನ್ನು ಒತ್ತಿ ಹಿಡಿದರೆ "ಟ್ರಾನ್ಸ್‌ಲೇಟ್" ಬರುತ್ತದೆ. ಹೋಟೆಲಿನ ಮೆನುಗೆ ಸ್ಕ್ಯಾನ್ ಪರದೆಯಲ್ಲೇ ಅನುವಾದ ಇದೆ.

ಮೂಟೆಕಟ್ಟಿದವ

ಆಫೀಸಿಗೆ ಬರೆದಾಯಿತು, ಸ್ಕ್ಯಾನ್ ಮಾಡಲು ಇಬ್ಬರನ್ನು ಗೊತ್ತು ಮಾಡಿಕೊಡುತ್ತಾರಂತೆ. ಮನೆ, ಊಟದ ಜಾಗ ಹುಡುಕಲು ಶಿಯಾವ್‌ಹೋಂಗ್‌ಶು ಅನ್ನುವ ಆ್ಯಪ್ ನೋಡು ಅಂದರು. ಅದಕ್ಕೂ ಇಷ್ಟೇ ಕಷ್ಟವೇ?

ಓದಿಕೊಂಡೆ_ಹೇಳ್ತೀನಿ

ಇಲ್ಲ, ಅದು ಸಲೀಸು. ಹೊರಗಿನವರು ರೆಡ್‌ನೋಟ್ ಅನ್ನುವುದು ಅದನ್ನೇ, 2013ರಲ್ಲಿ ಶಾಂಘೈನಲ್ಲಿ ಶುರುವಾದದ್ದು. ನಿಮ್ಮ +86 ನಂಬರಿಗೆ ಬರುವ ಕೋಡ್ ಹಾಕಿದರೆ ಮುಗಿಯಿತು, ಜಾಮೀನು ಇಲ್ಲ. 2025ರ ಜನವರಿಯಲ್ಲಿ ಅಮೆರಿಕದ ಟಿಕ್‌ಟಾಕ್ ಬಳಕೆದಾರರು ಗುಂಪುಗುಂಪಾಗಿ ಬಂದಾಗ ಅನುವಾದದ ಗುಂಡಿಯನ್ನೂ ಸೇರಿಸಿದರು. ಇಂಗ್ಲಿಷಿನಲ್ಲಿ ಹುಡುಕಿದರೆ ಪ್ರವಾಸಿಗರ ಪೋಸ್ಟ್‌ಗಳೇ ಬರುತ್ತವೆ. ಬಡಾವಣೆಯ ಹೆಸರನ್ನು ಚೀನೀ ಲಿಪಿಯಲ್ಲಿ ಅಂಟಿಸಿ ಹುಡುಕಿ, ಆಗ ಬಾಡಿಗೆಯ ನಿಜವಾದ ದರ ಕಾಣುತ್ತದೆ. ನಿಮ್ಮ ಕಾಮೆಂಟಿನ ಪಕ್ಕ ಪ್ರಾಂತ್ಯದ ಹೆಸರು ತಾನಾಗಿ ಬರುತ್ತದೆ, ಅದನ್ನು ಮುಚ್ಚಲಾಗದು.

ವೀಚಾಟ್ ಐಡಿಯನ್ನು ಅಲ್ಲಿನ ಪೋಸ್ಟಿನಲ್ಲೋ ಕಾಮೆಂಟಿನಲ್ಲೋ ಬರೆಯಬೇಡಿ, ಹೊರಗೆ ಕರೆದೊಯ್ಯುವ ಪ್ರಯತ್ನ ಎಂದು ಪೋಸ್ಟ್ ಯಾರಿಗೂ ಕಾಣದಂತೆ ಮಾಡುತ್ತಾರೆ. ಅದಕ್ಕೇ ಅಲ್ಲಿಯವರು ವೀಚಾಟ್ ಎನ್ನದೆ "ಹಸಿರು ಗುಳ್ಳೆ" ಅನ್ನುವುದು. ಮನೆ ತೋರಿಸುವ ಮೊದಲೇ ಮುಂಗಡ ಕೇಳುವ "ಮಾಲೀಕ" ಸಿಕ್ಕರೆ ಅಲ್ಲಿಗೇ ಬಿಡಿ. ಪಾವತಿ ಪರದೆಯ 18 ಅಂಕಿಗಳನ್ನು ಓದಿ ಹೇಳಿ ಎಂದವರಿಗೂ ಅಷ್ಟೆ, ಆ ಅಂಕಿಗಳೇ ಹಣ.